ಚಿತ್ರಕಥೆಗಳ ಅತಿಮಾನುಷ ವೀರರು

ಬಲಶಾಲಿಯ ಕಥೆಯನ್ನು ಕೇಳಲು ಬಯಸದ ಜನಾಂಗವೇ ಇಲ್ಲ. ಬೆಟ್ಟವನ್ನು ಕಿತ್ತು ತಂದ ಹನುಮಂತನೂ ಬಕಾಸುರನನ್ನು ಸಂಹರಿಸಿದ ಭೀಮನೂ ನಮಗೆ ಎಷ್ಟು ಪ್ರಿಯರೋ, ಸಿಂಹವನ್ನು ಬರಿಗೈಯಿಂದ ಕೊಂದ ಹೆರಾಕ್ಲಿಸ್ ಪ್ರಾಚೀನ ಗ್ರೀಕರಿಗೆ ಅಷ್ಟೇ ಪ್ರಿಯನಾಗಿದ್ದನು. ಇಂತಹ ವೀರರು ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ರೂಪದಲ್ಲಿ ಜನಿಸಿದರು. ಅವರ ಜನ್ಮಸ್ಥಳ ಅಮೆರಿಕ ಸಂಯುಕ್ತ ಸಂಸ್ಥಾನ. ಅವರ ತೊಟ್ಟಿಲು, ಅಗ್ಗದ ಕಾಗದದ ಮೇಲೆ ಬಣ್ಣಬಣ್ಣವಾಗಿ ಅಚ್ಚಾಗಿ ಹತ್ತು ಸೆಂಟುಗಳಿಗೆ ಮಾರಾಟವಾಗುತ್ತಿದ್ದ ಚಿತ್ರಕಥೆಯ ಪುಸ್ತಕಗಳು. ಅವರನ್ನು ಲೋಕವು ಸೂಪರ್‌ಹೀರೋಗಳು ಎಂದು ಕರೆಯುತ್ತದೆ. ಕನ್ನಡದಲ್ಲಿ ನಾವು ಅತಿಮಾನುಷ ವೀರರು ಎನ್ನಬಹುದು.

ಈ ವೀರರಲ್ಲಿ ಅತ್ಯುತ್ತಮನು ಯಾರು, ಅತ್ಯಂತ ಕೀಳಾದವನು ಯಾರು ಎಂಬ ಚರ್ಚೆ ಮಕ್ಕಳಲ್ಲಿ ಮಾತ್ರವಲ್ಲದೆ ದೊಡ್ಡವರಲ್ಲಿಯೂ ನಡೆಯುತ್ತದೆ. ಹೆಚ್ಚು ಭಾರವನ್ನು ಎತ್ತಬಲ್ಲವನೇ ಶ್ರೇಷ್ಠನೆಂದು ಹೇಳಿ ಕೆಲವರು ವಾದವನ್ನು ಮುಗಿಸಿಬಿಡುತ್ತಾರೆ. ಆದರೆ ಬಲವೊಂದೇ ಅಳತೆಗೋಲಾಗುವುದಾದರೆ ಭೀಮನಿಗೂ ಬಕಾಸುರನಿಗೂ ಏನು ವ್ಯತ್ಯಾಸ? ಇಬ್ಬರೂ ಬಲಶಾಲಿಗಳೇ. ಆದುದರಿಂದ ಬಲವನ್ನು ಅಳೆಯುವುದಕ್ಕಿಂತ, ಆ ಬಲವು ಯಾರ ಪರವಾಗಿ ನಿಂತಿತು, ಯಾವ ಎಲ್ಲೆಗೆ ಒಳಪಟ್ಟಿತು, ತಪ್ಪಾದಾಗ ಯಾರಿಗೆ ಉತ್ತರ ಹೇಳಿತು ಎಂಬುದನ್ನು ನೋಡಬೇಕು. ಈ ಅಳತೆಗೋಲನ್ನು ಹಿಡಿದು ಕೆಲವು ವೀರರನ್ನು ಪರೀಕ್ಷಿಸೋಣ.

ಮೊದಲಿಗೆ ಸೂಪರ್‌ಮ್ಯಾನ್. ಅವನನ್ನು ಸೃಷ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು. ಇಬ್ಬರೂ 1914ರಲ್ಲಿ ಜನಿಸಿದವರು. ಯುರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ಓಹಾಯೋ ರಾಜ್ಯದ ಕ್ಲೀವ್‌ಲೆಂಡ್ ನಗರದ ಪ್ರೌಢಶಾಲೆಯೊಂದರಲ್ಲಿ ಅವರಿಗೆ ಸ್ನೇಹವಾಯಿತು. ಸೀಗಲ್ ಕಥೆ ಬರೆಯುವರು, ಶುಸ್ಟರ್ ಚಿತ್ರ ಬಿಡಿಸುವರು. ಆಗ ಅಮೆರಿಕವು ಭಾರಿ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತ್ತು. ಲಕ್ಷಾಂತರ ಜನ ಉದ್ಯೋಗವಿಲ್ಲದೆ ಕಂಗೆಟ್ಟಿದ್ದರು. 1932ರಲ್ಲಿ ಸೀಗಲ್ಲರ ತಂದೆ ನಡೆಸುತ್ತಿದ್ದ ಬಟ್ಟೆಯ ಅಂಗಡಿಗೆ ಕಳ್ಳರು ನುಗ್ಗಿದರು. ಆ ಸಂದರ್ಭದಲ್ಲಿ ತಂದೆ ಕುಸಿದುಬಿದ್ದು ಮೃತರಾದರು. ಗುಂಡು ತಾಗಿದರೂ ಗಾಯಗೊಳ್ಳದ, ದುರ್ಬಲರಿಗೆ ಆಸರೆಯಾದ ವೀರನನ್ನು ಇಂತಹ ಕಾಲದ ತರುಣರು ಕಲ್ಪಿಸಿಕೊಂಡುದರಲ್ಲಿ ಆಶ್ಚರ್ಯವೇನು?

ಹಲವು ಪ್ರಕಾಶಕರು ನಿರಾಕರಿಸಿದ ಮೇಲೆ, 1938ರ ಜೂನ್ ತಿಂಗಳ ದಿನಾಂಕವನ್ನು ಹೊತ್ತ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಅಂದಿನ ಸೂಪರ್‌ಮ್ಯಾನ್ ಇಂದಿನವನಂತೆ ಆಕಾಶದಲ್ಲಿ ಹಾರುತ್ತಿರಲಿಲ್ಲ. ಮೈಲಿಯ ಎಂಟನೆಯ ಒಂದು ಭಾಗದಷ್ಟು, ಎಂದರೆ ಸುಮಾರು 200 ಮೀಟರುಗಳಷ್ಟು ದೂರ ನೆಗೆಯಬಲ್ಲವನಾಗಿದ್ದನು, ಅಷ್ಟೆ. ಅವನ ಎದುರಾಳಿಗಳೂ ಬೇರೆ ಗ್ರಹದ ರಾಕ್ಷಸರಾಗಿರಲಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡ, ಲಂಚಕೋರ ರಾಜಕಾರಣಿ, ಶಸ್ತ್ರಗಳನ್ನು ಮಾರುವ ಆಸೆಯಿಂದ ಯುದ್ಧವನ್ನು ಹಚ್ಚುವ ವ್ಯಾಪಾರಿ—ಇಂಥವರೇ ಅವನ ಕೈಗೆ ಸಿಕ್ಕಿದವರು.

ಮೂರನೆಯ ಸಂಚಿಕೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಒಂದು ಗಣಿಯಲ್ಲಿ ಅಪಘಾತವಾಗಿ ಕಾರ್ಮಿಕನೊಬ್ಬನು ಅಂಗವಿಕಲನಾಗುತ್ತಾನೆ. ರಕ್ಷಣೆಯ ವ್ಯವಸ್ಥೆಗೆ ಹಣ ಖರ್ಚು ಮಾಡಲು ಒಡೆಯನು ಸಿದ್ಧನಿಲ್ಲ. ಒಡೆಯನೂ ಅವನ ಸಿರಿವಂತ ಅತಿಥಿಗಳೂ ವಿನೋದಕ್ಕಾಗಿ ಗಣಿಯೊಳಗೆ ಇಳಿದಾಗ, ಗಣಿ ಕೆಲಸಗಾರನ ವೇಷದಲ್ಲಿದ್ದ ಸೂಪರ್‌ಮ್ಯಾನ್ ಸುರಂಗದ ದಾರಿಯನ್ನು ಕುಸಿಯುವಂತೆ ಮಾಡುತ್ತಾನೆ. ಅಪಾಯದ ಗಂಟೆಯನ್ನು ಒತ್ತಲು ಹೋದ ಒಡೆಯನಿಗೆ ಅದು ಕೆಟ್ಟು ಎಷ್ಟೋ ಕಾಲವಾಗಿದೆ ಎಂಬುದು ತಿಳಿಯುತ್ತದೆ. ಕಾರ್ಮಿಕರು ದಿನವೂ ಅನುಭವಿಸುವ ಭಯವನ್ನು ತಾನೊಂದು ರಾತ್ರಿ ಅನುಭವಿಸಿದ ಮೇಲೆ ಆತನು ತನ್ನ ಗಣಿಯನ್ನು ಸುರಕ್ಷಿತವಾಗಿಸುವ ಮಾತು ಕೊಡುತ್ತಾನೆ. ವೀರನ ಬಲವು ಇಲ್ಲಿ ಬಂಡೆಯನ್ನು ಒಡೆಯಿತು ಎಂಬುದು ದೊಡ್ಡ ಮಾತಲ್ಲ. ಕಲ್ಲಾದ ಹೃದಯವೊಂದಕ್ಕೆ ಪರರ ನೋವನ್ನು ತಿಳಿಸಿಕೊಟ್ಟಿತು ಎಂಬುದೇ ದೊಡ್ಡ ಮಾತು.

ಕಾಲ ಕಳೆದಂತೆ ಸೂಪರ್‌ಮ್ಯಾನನ ಶಕ್ತಿ ಮಿತಿಮೀರಿ ಬೆಳೆಯಿತು. ಅವನು ಹಾರಲು ಕಲಿತನು. ಗೋಡೆಯ ಆಚೆಗಿರುವುದನ್ನು ಕಂಡನು. ಕೊನೆಗೆ ಗ್ರಹಗಳನ್ನೇ ತಳ್ಳಬಲ್ಲವನಾದನು. ಆಗ ಕಥೆಗಾರರಿಗೆ ಒಂದು ಕಷ್ಟ ಎದುರಾಯಿತು. ಸೋಲೇ ಇಲ್ಲದವನ ಕಥೆಯಲ್ಲಿ ಕುತೂಹಲವೆಲ್ಲಿಯದು? 1943ರಲ್ಲಿ ಅವನ ರೇಡಿಯೋ ನಾಟಕದಲ್ಲಿ ‘ಕ್ರಿಪ್ಟೋನೈಟ್’ ಎಂಬ ಕಲ್ಪಿತ ಖನಿಜ ಪ್ರವೇಶಿಸಿತು. ಅದರ ಸಮೀಪದಲ್ಲಿ ಸೂಪರ್‌ಮ್ಯಾನ್ ಶಕ್ತಿಗುಂದುತ್ತಾನೆ. ದುರ್ಯೋಧನನಿಗೆ ತೊಡೆ ಹೇಗೋ ಹಾಗೆ ಅವನಿಗೆ ಈ ಕಲ್ಲು. ಬಲಕ್ಕೆ ಎಲ್ಲೆ ಇದ್ದಾಗಲೇ ಧೈರ್ಯಕ್ಕೆ ಅರ್ಥವುಂಟು ಎಂಬುದನ್ನು ಕಥೆಗಾರರು ಅನುಭವದಿಂದ ಕಂಡುಕೊಂಡರು. ಅದೇ ರೇಡಿಯೋ ನಾಟಕವು 1946ರಲ್ಲಿ ಮತ್ತೊಂದು ಉತ್ತಮ ಕಾರ್ಯ ಮಾಡಿತು. ಅಮೆರಿಕದಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ ಗುಪ್ತಸಂಘವು ಕರಿಯರನ್ನೂ ಯೆಹೂದಿಗಳನ್ನೂ ವಲಸೆ ಬಂದವರನ್ನೂ ಹಿಂಸಿಸುತ್ತಿತ್ತು. ಅದನ್ನೇ ಹೋಲುವ ಮುಸುಕುಧಾರಿಗಳ ಸಂಘವೊಂದು ಚೀನೀ ಮೂಲದ ಕುಟುಂಬವನ್ನು ಪೀಡಿಸುವುದನ್ನೂ ಸೂಪರ್‌ಮ್ಯಾನ್ ಆ ಸಂಘವನ್ನು ಬಯಲಿಗೆಳೆಯುವುದನ್ನೂ ಹದಿನಾರು ಕಂತುಗಳಲ್ಲಿ ಪ್ರಸಾರ ಮಾಡಲಾಯಿತು. ಮಕ್ಕಳ ಮನರಂಜನೆಯ ಸಾಧನವು ಹೀಗೆ ಜನಾಂಗದ್ವೇಷಕ್ಕೆ ಎದುರಾಗಿ ನಿಂತಿತು.

ಇಂತಹುದೇ ಎದೆಗಾರಿಕೆ ‘ಕ್ಯಾಪ್ಟನ್ ಅಮೆರಿಕ’ನ ಕಥೆಯಲ್ಲಿಯೂ ಕಾಣುತ್ತದೆ. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬವರು ಸೃಷ್ಟಿಸಿದ ಈ ವೀರನ ಮೊದಲ ಸಂಚಿಕೆ 1941ರ ಮಾರ್ಚ್ ತಿಂಗಳ ದಿನಾಂಕವನ್ನು ಹೊತ್ತು ಬಂದಿತು. ಅದರ ಮುಖಪುಟದಲ್ಲಿ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದನು. ಆಗಿನ್ನೂ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ಹಿಟ್ಲರನ ಬಗೆಗೆ ಒಲವುಳ್ಳವರು ಅಲ್ಲಿಯೂ ಇದ್ದರು. ಕಲಾವಿದರಿಗೆ ಬೆದರಿಕೆಗಳು ಬಂದವು. ಅವರು ಹಿಂಜರಿಯಲಿಲ್ಲ. ಈ ವೀರನು ಮೂಲತಃ ಸೈನ್ಯಕ್ಕೆ ಸೇರಲಾರದಷ್ಟು ಕೃಶನಾದ ತರುಣ ಎಂಬುದನ್ನೂ, ಅವನ ಮುಖ್ಯ ಆಯುಧ ಖಡ್ಗವಲ್ಲ, ಗುರಾಣಿ ಎಂಬುದನ್ನೂ ಗಮನಿಸಬೇಕು.

ಅದೇ ವರ್ಷ ‘ವಂಡರ್ ವುಮನ್’ ಎಂಬ ವೀರವನಿತೆಯೂ ಪ್ರಕಟಳಾದಳು. ಅವಳನ್ನು ಕಲ್ಪಿಸಿದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞರು. ಶಕ್ತಿಯಲ್ಲಿ ಯಾವ ಪುರುಷನಿಗೂ ಕಡಮೆಯಿಲ್ಲದ ಆಕೆಯ ವಿಶೇಷ ಸಾಧನ ಒಂದು ಹೊನ್ನಿನ ಹಗ್ಗ. ಮುಂದಿನ ಕಥೆಗಳಲ್ಲಿ ಅದರಿಂದ ಬಂಧಿತರಾದವರು ಸತ್ಯವನ್ನೇ ನುಡಿಯಬೇಕಾಯಿತು. ಆದರೆ 1942ರಲ್ಲಿ ವೀರರ ಸಂಘವೊಂದಕ್ಕೆ ಅವಳನ್ನು ಸೇರಿಸಿಕೊಂಡಾಗ ಬರೆಹಗಾರರು ಅವಳಿಗೆ ಕೊಟ್ಟ ಕೆಲಸವೇನು? ಸಂಘದ ಕಾರ್ಯದರ್ಶಿತ್ವ! ಪುರುಷವೀರರು ಯುದ್ಧಕ್ಕೆ ಹೊರಟರೆ, ಅವರಷ್ಟೇ ಬಲವುಳ್ಳ ಇವಳು ಅನೇಕ ಬಾರಿ ಕಚೇರಿಯಲ್ಲಿಯೇ ಉಳಿಯಬೇಕಾಗಿತ್ತು. ಈ ದೋಷ ವೀರವನಿತೆಯದಲ್ಲ, ಅವಳನ್ನು ಚಿತ್ರಿಸಿದ ಸಮಾಜದ್ದು. ಮೂವತ್ತು ವರ್ಷಗಳ ತರುವಾಯ, 1972ರಲ್ಲಿ, ಸ್ತ್ರೀಯರ ಹಕ್ಕುಗಳಿಗಾಗಿ ಆರಂಭವಾದ ‘ಮಿಸ್’ ಎಂಬ ಪತ್ರಿಕೆಯು ತನ್ನ ಮುಖಪುಟದಲ್ಲಿ ಅವಳ ಚಿತ್ರವನ್ನೇ ಅಚ್ಚಿಸಿತು.

ಇವರೆಲ್ಲರಿಗಿಂತಲೂ ವಿದ್ಯಾರ್ಥಿಗಳಿಗೆ ಹತ್ತಿರದವನು ‘ಸ್ಪೈಡರ್‌ಮ್ಯಾನ್.’ 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಅವನನ್ನು ಲೋಕಕ್ಕೆ ಪರಿಚಯಿಸಿದರು. ಅದುವರೆಗೆ ಹದಿಹರೆಯದ ಹುಡುಗರು ಸಾಮಾನ್ಯವಾಗಿ ದೊಡ್ಡ ವೀರರ ಸಹಾಯಕರಾಗಿ ಮಾತ್ರ ಕಾಣಿಸಿಕೊಳ್ಳುತ್ತಿದ್ದರು. ಪೀಟರ್ ಪಾರ್ಕರ್ ಸ್ವತಃ ಪ್ರೌಢಶಾಲೆಯ ವಿದ್ಯಾರ್ಥಿ. ತಂದೆತಾಯಿಗಳಿಲ್ಲದೆ ದೊಡ್ಡಪ್ಪ ದೊಡ್ಡಮ್ಮಂದಿರ ಆಶ್ರಯದಲ್ಲಿ ಬೆಳೆಯುತ್ತಿರುವವನು. ಸಹಪಾಠಿಗಳ ಹಾಸ್ಯಕ್ಕೆ ಗುರಿಯಾದವನು. ವಿಕಿರಣಕ್ಕೆ ಒಳಗಾದ ಜೇಡವೊಂದು ಕಚ್ಚಿ ಅವನಿಗೆ ಅಸಾಧಾರಣ ಶಕ್ತಿ ಲಭಿಸುತ್ತದೆ. ಅವನು ಮೊದಲು ಮಾಡುವುದೇನು? ಕುಸ್ತಿಯ ಕಣಕ್ಕಿಳಿದು ಹಣ ಗಳಿಸುತ್ತಾನೆ, ಹೆಸರು ಗಳಿಸುತ್ತಾನೆ. ಒಂದು ದಿನ ಕಳ್ಳನೊಬ್ಬನು ಅವನ ಎದುರಿನಲ್ಲಿಯೇ ಓಡಿಹೋಗುತ್ತಾನೆ. ಹಿಡಿಯಬಹುದಾಗಿದ್ದರೂ, ಇದು ತನ್ನ ಕೆಲಸವಲ್ಲವೆಂದು ಪೀಟರ್ ಸುಮ್ಮನಿರುತ್ತಾನೆ. ಕೆಲವು ದಿನಗಳ ಬಳಿಕ ಅವನ ದೊಡ್ಡಪ್ಪನು ಕೊಲೆಯಾಗುತ್ತಾನೆ. ಕೊಲೆಗಾರನನ್ನು ಹಿಡಿದು ಮುಖ ನೋಡಿದರೆ, ಅವನು ಅಂದು ತಾನು ಬಿಟ್ಟುಕೊಟ್ಟ ಅದೇ ಕಳ್ಳ!

ಶಕ್ತಿ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದಾಗುತ್ತದೆ ಎಂಬ ಪಾಠವನ್ನು ಪೀಟರ್ ಹೀಗೆ ಕಲಿಯುತ್ತಾನೆ. ಅವನು ಮಾಡಿದ ಅಪರಾಧ ಕೆಟ್ಟ ಕೆಲಸವಲ್ಲ. ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟದ್ದು. ಮುಂದೆ ಅವನು ಎಷ್ಟು ಜನರನ್ನು ಕಾಪಾಡಿದರೂ ಆ ಒಂದು ಕ್ಷಣವನ್ನು ಮರೆಯುವುದಿಲ್ಲ. ಬಾಡಿಗೆ ಕಟ್ಟುವ ಚಿಂತೆ, ಪರೀಕ್ಷೆಯ ಚಿಂತೆ, ದೊಡ್ಡಮ್ಮನ ಅನಾರೋಗ್ಯದ ಚಿಂತೆ ಇವೆಲ್ಲ ಅವನಿಗೂ ತಪ್ಪಿದ್ದಲ್ಲ. ನಮ್ಮ ಅಳತೆಗೋಲಿನಿಂದ ನೋಡಿದರೆ, ಸೂಪರ್‌ಮ್ಯಾನನಿಗಿಂತ ಎಷ್ಟೋ ಪಾಲು ಕಡಮೆ ಬಲವುಳ್ಳ ಈ ಹುಡುಗನು ಅತ್ಯುತ್ತಮರ ಸಾಲಿನಲ್ಲಿ ಮುಂದೆ ನಿಲ್ಲುತ್ತಾನೆ.

ಇನ್ನು ಕೀಳಾದ ವೀರರ ಮಾತು. ಸೂಪರ್‌ಮ್ಯಾನನ ಪುಸ್ತಕಗಳು ಬಿಸಿ ದೋಸೆಯಂತೆ ಖರ್ಚಾಗುವುದನ್ನು ಕಂಡ ಪ್ರಕಾಶಕರು ತಾವೂ ವೀರರನ್ನು ಹುಟ್ಟಿಸಲು ಅವಸರಪಟ್ಟರು. ಅವಸರದ ಅಡುಗೆ ಹದವಾಗುವುದುಂಟೆ? 1940ರಲ್ಲಿ ‘ರೆಡ್ ಬೀ’ ಎಂಬ ವೀರನು ಬಂದನು. ಪಳಗಿಸಿದ ಜೇನುಹುಳುಗಳೇ ಅವನ ಸೈನ್ಯ. ಅವುಗಳಲ್ಲಿ ಮೈಕೆಲ್ ಎಂಬ ಅಚ್ಚುಮೆಚ್ಚಿನ ಹುಳುವನ್ನು ಅವನು ಸೊಂಟದ ಪಟ್ಟಿಯ ಬಿಲ್ಲೆಯಲ್ಲಿ ಇರಿಸಿಕೊಳ್ಳುತ್ತಿದ್ದನು. ವಿಜ್ಞಾನದ ಪಾಠ ಓದಿದವರು ಇಲ್ಲಿ ನಗದಿರಲಾರರು. ಮೈಕೆಲ್ ಎಂಬುದು ಗಂಡಸಿನ ಹೆಸರು. ಗಂಡುಜೇನಿಗೆ ಕುಟುಕುವ ಮುಳ್ಳೇ ಇರುವುದಿಲ್ಲ! 1966ರಲ್ಲಿ ಒಂದು ಸಣ್ಣ ಸಂಸ್ಥೆಯು ಹೊರತಂದ ‘ಕ್ಯಾಪ್ಟನ್ ಮಾರ್ವೆಲ್’ ಎಂಬವನು ‘ಸ್ಪ್ಲಿಟ್’, ಎಂದರೆ ‘ಬೇರ್ಪಡು’, ಎಂದು ಕೂಗಿದೊಡನೆ ಅವನ ಕೈ, ಕಾಲು, ತಲೆಗಳು ಬೇರೆಬೇರೆಯಾಗಿ ಹಾರುತ್ತಿದ್ದವು. 1989ರಲ್ಲಿ ಬಂದ ಮತ್ತೊಬ್ಬ ಹುಡುಗನು ತನ್ನ ತೋಳನ್ನೇ ಕಳಚಿ ದೊಣ್ಣೆಯಂತೆ ಬೀಸುವವನು. ಅವನು ವೀರರ ಸಂಘಕ್ಕೆ ಸೇರಲು ಹೋಗಿ ತಿರಸ್ಕೃತನಾದನು.

ಇವರೆಲ್ಲ ನಗೆಪಾಟಲಿನ ವೀರರು ನಿಜ. ಆದರೆ ನಗೆಪಾಟಲಾದುದೆಲ್ಲ ಕೀಳಾದುದಲ್ಲ. 1962ರಲ್ಲಿ ‘ಮ್ಯಾಟರ್ ಈಟರ್ ಲ್ಯಾಡ್’ ಎಂಬ ಹುಡುಗನು ಬಂದನು. ಕಲ್ಲು, ಕಬ್ಬಿಣ, ಏನನ್ನಾದರೂ ತಿಂದು ಜೀರ್ಣಿಸಿಕೊಳ್ಳುವುದೇ ಅವನ ಶಕ್ತಿ. ಓದುಗರು ಅವನನ್ನು ಕಂಡು ನಕ್ಕರು. ಆದರೆ 1979ರ ಕಥೆಯೊಂದರಲ್ಲಿ, ವಿಶ್ವವನ್ನೇ ನಾಶಮಾಡಬಲ್ಲ ಯಂತ್ರವೊಂದು ದುಷ್ಟರ ವಶವಾಗುವುದರಲ್ಲಿದ್ದಾಗ, ಯಾರಿಂದಲೂ ಒಡೆಯಲಾಗದ ಅದನ್ನು ಈ ಹುಡುಗನು ತಿಂದುಹಾಕಿ ಎಲ್ಲರನ್ನೂ ಉಳಿಸಿದನು. ಅದಕ್ಕೆ ಅವನು ತೆತ್ತ ಬೆಲೆ ತನ್ನ ಬುದ್ಧಿಸ್ವಾಸ್ಥ್ಯ. ಅಲ್ಪವಾದ ಶಕ್ತಿಯೂ ಪರರಿಗಾಗಿ ವ್ಯಯವಾದಾಗ ಅಲ್ಪವೆನಿಸುವುದಿಲ್ಲ.

ಹಾಗಾದರೆ ನಿಜವಾಗಿ ಕೀಳೆನಿಸುವುದು ಯಾವುದು? ಒಂದು ಜನಾಂಗವನ್ನು ಕೀಳಾಗಿ ಕಾಣಿಸಿ ವೀರನನ್ನು ಮೇಲೆತ್ತುವ ಕಥೆ ಮೊದಲನೆಯ ಬಗೆ. ಲೀ ಫಾಕ್ ಎಂಬವರು 1936ರಲ್ಲಿ ಸೃಷ್ಟಿಸಿದ ‘ಫ್ಯಾಂಟಮ್’ ಭಾರತದ ಓದುಗರಿಗೆ ಚಿರಪರಿಚಿತನು. 1964ರಿಂದ 1990ರವರೆಗೆ ಪ್ರಕಟವಾದ ‘ಇಂದ್ರಜಾಲ್ ಕಾಮಿಕ್ಸ್’ ಮಾಲೆಯು ಅವನನ್ನು ನಮ್ಮ ದೇಶದ ಮನೆಮನೆಗೆ ತಂದಿತು. ಅವನಿಗೆ ಅತಿಮಾನುಷ ಶಕ್ತಿಯಿಲ್ಲ. ಧೈರ್ಯ, ಜಾಣ್ಮೆಗಳಿಂದಲೇ ಗೆಲ್ಲುತ್ತಾನೆ. ಇದು ಮೆಚ್ಚತಕ್ಕದ್ದೇ. ಆದರೆ ಕಾಡಿನ ಜನರು ತಲೆತಲಾಂತರದಿಂದ ಒಬ್ಬ ಬಿಳಿಯ ರಕ್ಷಕನನ್ನು ಆಶ್ರಯಿಸಿಯೇ ಬದುಕಬೇಕೆ? ತಮ್ಮ ನಾಡನ್ನು ತಾವೇ ಕಾಯಲಾರರೆ? ಪರರ ಆಳ್ವಿಕೆಯನ್ನು ಕಂಡ ನಮ್ಮಂತಹ ದೇಶದವರು ಈ ಪ್ರಶ್ನೆಯನ್ನು ಕೇಳಲೇಬೇಕು. ಫಾಕ್ ಅವರೇ ಮುಂದೆ ಆ ಕಲ್ಪಿತ ನಾಡಿಗೆ ಪ್ರಜೆಗಳಿಂದ ಆಯ್ಕೆಯಾದ ಸ್ಥಳೀಯ ಅಧ್ಯಕ್ಷನೊಬ್ಬನನ್ನು ಕೊಟ್ಟರು. 1966ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಬ್ಲ್ಯಾಕ್ ಪ್ಯಾಂಥರ್’ ಎಂಬ ವೀರನನ್ನು ಚಿತ್ರಿಸಿದಾಗ ಈ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯಿತು. ಅವನು ಆಫ್ರಿಕದ ವಕಾಂಡ ಎಂಬ ಕಲ್ಪಿತ ರಾಜ್ಯದ ಅರಸ. ಅವನ ಪ್ರಜೆಗಳು ವಿಜ್ಞಾನದಲ್ಲಿ ಲೋಕಕ್ಕೇ ಮುಂದಾದವರು.

ಬಲವನ್ನೇ ನ್ಯಾಯವೆಂದು ತಿಳಿಯುವುದು ಎರಡನೆಯ ಬಗೆ. ಇದು ಇನ್ನೂ ಅಪಾಯಕರವಾದುದು. 1974ರಲ್ಲಿ ‘ಪನಿಷರ್’ ಎಂಬವನು ಸ್ಪೈಡರ್‌ಮ್ಯಾನನ ಪತ್ರಿಕೆಯಲ್ಲಿ ಎದುರಾಳಿಯಾಗಿ ಬಂದನು. ಅವನ ಹೆಂಡತಿ ಮಕ್ಕಳನ್ನು ಪಾತಕಿಗಳು ಕೊಂದಿದ್ದರು. ಆದುದರಿಂದ ಅವನು ವಿಚಾರಣೆಯಿಲ್ಲದೆ ಪಾತಕಿಗಳನ್ನೆಲ್ಲ ಕೊಲ್ಲುತ್ತ ಹೋಗುತ್ತಾನೆ. ತನ್ನ ಕಣ್ಣೆದುರಿನಲ್ಲಿಯೇ ತಂದೆತಾಯಿಗಳ ಕೊಲೆಯನ್ನು ಕಂಡ ‘ಬ್ಯಾಟ್‌ಮ್ಯಾನ್’ ಕೂಡ ಇದೇ ದುಃಖವನ್ನು ಉಂಡವನು. 1939ರ ಮೊದಲ ಕೆಲವು ಕಥೆಗಳಲ್ಲಿ ಅವನೂ ಕೊಲ್ಲುತ್ತಿದ್ದನು. ಆದರೆ ಬಹುಬೇಗ ಅವನ ಸಂಪಾದಕರು ಕೊಲ್ಲಬಾರದೆಂಬ ಕಟ್ಟನ್ನು ವಿಧಿಸಿದರು. ದುಃಖ ಒಂದೇ, ಒಬ್ಬನಿಗೆ ಎಲ್ಲೆಯುಂಟು, ಇನ್ನೊಬ್ಬನಿಗಿಲ್ಲ. ಪನಿಷರನ ಎದೆಯ ಮೇಲಿನ ತಲೆಬುರುಡೆಯ ಗುರುತನ್ನು ಅಮೆರಿಕದ ಕೆಲವು ಸೈನಿಕರೂ ಪೊಲೀಸರೂ ಹೆಮ್ಮೆಯಿಂದ ಧರಿಸತೊಡಗಿದರು. ಕಾನೂನನ್ನು ಕಾಯುವವರು ಕಾನೂನನ್ನು ಮುರಿಯುವವನ ಚಿಹ್ನೆಯನ್ನು ಧರಿಸಬಹುದೆ ಎಂದು ಅವನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಜೆರ್ರಿ ಕಾನ್ವೆ ಅವರೇ ಬಹಿರಂಗವಾಗಿ ಆಕ್ಷೇಪಿಸಿದರು. 2019ರ ಒಂದು ಸಂಚಿಕೆಯಲ್ಲಿ ಪನಿಷರನೇ ಆ ಚಿಹ್ನೆಯನ್ನು ಪೊಲೀಸರ ವಾಹನದಿಂದ ಕಿತ್ತು ಹರಿದು, ಆದರ್ಶ ಬೇಕಾದರೆ ಕ್ಯಾಪ್ಟನ್ ಅಮೆರಿಕನನ್ನು ನೋಡಿರೆಂದು ಅವರಿಗೆ ಹೇಳುತ್ತಾನೆ.

ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಎಂಬ ಆಂಗ್ಲರು 1986–87ರಲ್ಲಿ ರಚಿಸಿದ ‘ವಾಚ್‌ಮೆನ್’ ಎಂಬ ಕೃತಿ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ಯಿತು. ಅದರಲ್ಲಿ ಲೋಕದ ಅತ್ಯಂತ ಮೇಧಾವಿಯಾದ ವೀರನು ಅಣುಯುದ್ಧವನ್ನು ತಡೆಯುವ ನೆಪದಲ್ಲಿ ನ್ಯೂಯಾರ್ಕ್ ನಗರದ ಲಕ್ಷಾಂತರ ಜನರನ್ನು ಕೊಲ್ಲುತ್ತಾನೆ. ಅವನು ಯಾರನ್ನೂ ಕೇಳಲಿಲ್ಲ, ಯಾರಿಗೂ ಉತ್ತರ ಹೇಳಲಿಲ್ಲ. ತನ್ನ ಬುದ್ಧಿಯೇ ಸಾಕೆಂದು ಭಾವಿಸಿದನು. ಜೇನುಹುಳುವನ್ನು ಸೊಂಟದಲ್ಲಿ ಸಾಕಿದವನು ಇವನಿಗಿಂತ ಸಾವಿರ ಪಾಲು ಮೇಲಲ್ಲವೆ?

ಕೊನೆಯದಾಗಿ, ಚಿತ್ರಕಥೆಯ ಹೊರಗೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ಸೂಪರ್‌ಮ್ಯಾನನ ಸಮಸ್ತ ಹಕ್ಕುಗಳನ್ನು ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಪ್ರಕಾಶಕರಿಗೆ ಮಾರಿದರು. ಅದಕ್ಕೆ ದೊರೆತ ಹಣ 130 ಡಾಲರು ಮಾತ್ರ! ಆ ಮೊದಲ ಸಂಚಿಕೆಯ ಒಂದೇ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರುಗಳಿಗೆ ಮಾರಾಟವಾಯಿತು ಎಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು. ತಮ್ಮ ಹಕ್ಕಿಗಾಗಿ ಅವರು 1947ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಸೂಪರ್‌ಮ್ಯಾನ್ ಅವರಿಗೆ ದಕ್ಕಲಿಲ್ಲ. ಪುಸ್ತಕಗಳಿಂದ ಅವರ ಹೆಸರು ಕೂಡ ಮರೆಯಾಯಿತು. 1970ರ ದಶಕದ ಹೊತ್ತಿಗೆ ಸೀಗಲ್ ಗುಮಾಸ್ತರಾಗಿ ದುಡಿಯುತ್ತಿದ್ದರು. ಚಿತ್ರಕಾರರಾದ ಶುಸ್ಟರರ ಕಣ್ಣುಗಳು ಮಸುಕಾಗಿದ್ದವು.

1975ರಲ್ಲಿ ಸೂಪರ್‌ಮ್ಯಾನನ ಬಗೆಗೆ ಭಾರಿ ವೆಚ್ಚದ ಚಲನಚಿತ್ರ ತಯಾರಾಗಲಿದೆ ಎಂಬ ಸುದ್ದಿ ಬಂದಾಗ ಸೀಗಲ್ ತಮಗಾದ ಅನ್ಯಾಯವನ್ನು ವಿವರಿಸಿ ಪತ್ರಿಕೆಗಳಿಗೆ ಬರೆದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವರ ಬೆಂಬಲಕ್ಕೆ ನಿಂತರು. ಅವರಲ್ಲಿ ಯಾರಿಗೂ ಹಾರುವ ಶಕ್ತಿಯಿರಲಿಲ್ಲ. ಅವರು ಪತ್ರಗಳನ್ನು ಬರೆದರು, ದೂರದರ್ಶನದಲ್ಲಿ ಮಾತನಾಡಿದರು, ಸಹೋದ್ಯೋಗಿಗಳ ಸಹಾಯ ಬೇಡಿದರು. ಲೋಕದ ಮನಸ್ಸು ಕರಗಿತು. ಆ ವರ್ಷದ ಡಿಸೆಂಬರಿನಲ್ಲಿ ಒಡೆತನದ ಸಂಸ್ಥೆಯು ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರುಗಳ ವೇತನವನ್ನು ನೀಡಲೂ ಸೃಷ್ಟಿಕರ್ತರೆಂದು ಅವರ ಹೆಸರನ್ನು ಮತ್ತೆ ಮುದ್ರಿಸಲೂ ಒಪ್ಪಿತು. ಬ್ಯಾಟ್‌ಮ್ಯಾನನ ಸೃಷ್ಟಿಯಲ್ಲಿ ಪಾಲುಗೊಂಡ ಬಿಲ್ ಫಿಂಗರ್ ಅವರಿಗೆ ಇಂತಹ ಭಾಗ್ಯ ಬದುಕಿರುವಾಗ ಬರಲಿಲ್ಲ. ಅವರು 1974ರಲ್ಲಿ ತೀರಿಕೊಂಡರು. ಬಾಬ್ ಕೇನರ ಹೆಸರಿನೊಡನೆ ಅವರ ಹೆಸರು ಅಧಿಕೃತವಾಗಿ ಅಚ್ಚಾದದ್ದು 2015ರಲ್ಲಿ.

ದುರ್ಬಲರ ರಕ್ಷಕನೆಂದು ಹೆಸರಾದ ಸೂಪರ್‌ಮ್ಯಾನ್ ತನ್ನನ್ನು ಸೃಷ್ಟಿಸಿದವರನ್ನು ರಕ್ಷಿಸಲಾರದೆ ಹೋದನು; ಕಾಗದದ ವೀರನಿಂದ ಅದು ಆಗುವಂತೆಯೂ ಇರಲಿಲ್ಲ. ಆ ಕಾರ್ಯವನ್ನು ಸಾಮಾನ್ಯ ಮನುಷ್ಯರು ಮಾಡಿದರು. ಚಿತ್ರಕಥೆಗಳನ್ನು ಓದಿ ಆನಂದಿಸುವುದರಲ್ಲಿ ತಪ್ಪೇನೂ ಇಲ್ಲ. ಓದುವಾಗ ವೀರನ ತೋಳನ್ನು ಮಾತ್ರ ನೋಡದೆ, ಆ ತೋಳು ಯಾರ ಕಡೆಗೆ ಚಾಚಿದೆ ಎಂಬುದನ್ನೂ ನೋಡಬೇಕು. ಕಣ್ಣೆದುರಿನ ಅನ್ಯಾಯವನ್ನು ಕಂಡು, ಇದು ನನ್ನ ಕೆಲಸವಲ್ಲವೆಂದು ಹೇಳದೆ ನಿಲ್ಲುವವನಿಗೆ ಮುಸುಕೂ ಬೇಕಿಲ್ಲ, ಹೊದಿಕೆಯೂ ಬೇಕಿಲ್ಲ.

ಅಭ್ಯಾಸ

1. ವೀರರನ್ನು ಅಳೆಯಲು ಬಲವೊಂದೇ ಸಾಲದೆಂದು ಲೇಖಕರು ಏಕೆ ಹೇಳುತ್ತಾರೆ?
2. ಗಣಿಯ ಒಡೆಯನಿಗೆ ಸೂಪರ್‌ಮ್ಯಾನ್ ಯಾವ ಪಾಠ ಕಲಿಸಿದನು? ಹೇಗೆ?
3. ಪೀಟರ್ ಪಾರ್ಕರನ ಅಪರಾಧವೇನು? ಅದರಿಂದ ಅವನು ಏನನ್ನು ಕಲಿತನು?
4. ಬ್ಯಾಟ್‌ಮ್ಯಾನ್ ಮತ್ತು ಪನಿಷರ್ ಇವರಲ್ಲಿರುವ ಸಾಮ್ಯವನ್ನೂ ವ್ಯತ್ಯಾಸವನ್ನೂ ವಿವರಿಸಿರಿ.
5. ‘ನಗೆಪಾಟಲಾದುದೆಲ್ಲ ಕೀಳಾದುದಲ್ಲ’—ಈ ಮಾತನ್ನು ಪಾಠದ ಉದಾಹರಣೆಯೊಡನೆ ಸಮರ್ಥಿಸಿರಿ.
6. ನೀವು ಓದಿದ ಕಥೆಯೊಂದರ ವೀರನನ್ನು ಈ ಪಾಠದ ಅಳತೆಗೋಲಿನಿಂದ ಪರೀಕ್ಷಿಸಿ ಒಂದು ಪುಟದಷ್ಟು ಬರೆಯಿರಿ.